ಗರಿಕೆ ಎಣ್ಣೆ ಯಾವ ತುರಿಕೆಗೆ ಆಗ್ತದೆ, ಯಾವುದಕ್ಕೆ ಬೇಡ? ಅಳತೆ, ಪಾಕ ಗೊತ್ತಿದ್ದವರು ಹೇಳಿ

ಬಡಗುಪೇಟೆ ಕೇಳಿದ್ದು:

ಮಳೆ ಹಿಡಿಯುವ ಮೊದಲು ಮನೆಗೆ ಬೇಕಾದಷ್ಟು ಗರಿಕೆ ಎಣ್ಣೆ ಕಾಯಿಸಿ ಇಡಬೇಕು ಅಂತ ಉಂಟು. ತುರಿಕೆ ಇರುವುದು ಮೂರು ಜನರಿಗೆ, ಮೂರೂ ಬೇರೆ ಬೇರೆ ಥರ.

ಅತ್ತೆಗೆ 68 ವರ್ಷ, ಸಕ್ಕರೆ ಕಾಯಿಲೆ ಉಂಟು. ಮೊಣಕಾಲಿನಿಂದ ಕೆಳಗೆ ಚರ್ಮ ಒಣಗಿ ಬಿಳಿ ಹೊಟ್ಟು ಏಳ್ತದೆ, ರಾತ್ರಿ ಕೆರೆತ ಜಾಸ್ತಿ. ಗುಳ್ಳೆ, ಕೀವು ಇಲ್ಲ. ಮಗನಿಗೆ 4 ವರ್ಷ, ಕುತ್ತಿಗೆಯ ಹಿಂದೆ ಮತ್ತು ಬೆನ್ನಿಗೆ ಸಾಸಿವೆಯಷ್ಟು ಸಣ್ಣ ಕೆಂಪು ಗುಳ್ಳೆ, ಮಧ್ಯಾಹ್ನ ಬೆವರಿದಾಗ ಚುಚ್ಚಿದ ಹಾಗೆ ಆಗ್ತದಂತೆ. ಯಜಮಾನರಿಗೆ ತೊಡೆಸಂದಿಯಲ್ಲಿ ಮತ್ತು ಬೆಲ್ಟ್ ಕೂರುವ ಜಾಗದಲ್ಲಿ ಉರುಟು ಕಲೆ. ಅಂಚು ಕೆಂಪಗೆ ಎದ್ದಿದೆ, ನಡುಭಾಗ ತಿಳಿಯಾಗಿದೆ.

ಕೇಳಬೇಕಾದ್ದು ಇಷ್ಟು. ಗರಿಕೆಗೂ ಎಣ್ಣೆಗೂ ಸರಿಯಾದ ಅಳತೆ ಎಂತ? ಕೆಲವರು ಹುಲ್ಲನ್ನು ನೇರ ಎಣ್ಣೆಗೆ ಹಾಕಿ ಹುರಿದು ಸೋಸ್ತಾರೆ, ಕೆಲವರು ರಸ ತೆಗೆದು ಗಂಟೆಗಟ್ಟಲೆ ಕಾಯಿಸ್ತಾರೆ. ಮಳೆಗಾಲದಲ್ಲಿ ಎಣ್ಣೆ ತಿಂಗಳೊಳಗೆ ಕಮಟು ವಾಸನೆ ಬರುವುದು, ಬಾಟಲಿಯ ಬಾಯಲ್ಲಿ ಬೂಸರು ಕಟ್ಟುವುದು ಎಂತಕ್ಕೆ? ತಂಪಾಗಲಿ ಅಂತ ಕರ್ಪೂರ ಹಾಕಬಹುದಾ? ಒಂದೇ ಎಣ್ಣೆ ಮೂವರಿಗೂ ನಡೀತದಾ?

ತಿಮರೆ ಬರೆದದ್ದು:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ನಡೆಯುವುದಿಲ್ಲ. ನೀವು ಹೇಳಿದ ಮೂರರಲ್ಲಿ ಗರಿಕೆ ಎಣ್ಣೆ ಸಲ್ಲುವುದು ಅತ್ತೆಯವರ ಒಣ ತುರಿಕೆಗೆ ಮಾತ್ರ. ಮಗುವಿನದ್ದು ನೋಡಿದರೆ ಬೆವರುಸಾಲೆ, ಅದಕ್ಕೆ ಎಣ್ಣೆ ಹಚ್ಚಿದರೆ ಹೆಚ್ಚಾಗುತ್ತದೆ. ಯಜಮಾನರದ್ದು ಹುಳುಕಡ್ಡಿಯ ಲಕ್ಷಣ. ಅವೆರಡರ ಬಗ್ಗೆ ತಿಳಿದವರು ಇಲ್ಲಿ ಇದ್ದಾರೆ, ಅವರು ಬರೆಯಲಿ. ನಾನು ಎಣ್ಣೆಯ ವಿಷಯ ಪೂರ್ತಿ ಹೇಳುತ್ತೇನೆ.

ಹುಲ್ಲು ಎಲ್ಲಿಂದ ತರುತ್ತೀರಿ ಎನ್ನುವುದೇ ಮೊದಲ ಸಂಗತಿ. ಅಡಿಕೆ ತೋಟದೊಳಗಿನ ಗರಿಕೆ ಸೊಂಪಾಗಿರುತ್ತದೆ, ಕೈ ಅಲ್ಲಿಗೇ ಹೋಗುತ್ತದೆ. ಆದರೆ ಕೊಳೆರೋಗಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆದ ಮೇಲೆ ಅದು ಕೆಳಗಿನ ಹುಲ್ಲಿನ ಮೇಲೆಲ್ಲ ತೊಟ್ಟಿಕ್ಕಿರುತ್ತದೆ. ತಾಮ್ರದ ಅಂಶ ಇರುವ ಹುಲ್ಲನ್ನು ಕುದಿಸಿ ಕೆರೆದ ಚರ್ಮಕ್ಕೆ ಹಚ್ಚುವುದು ಬೇಡ. ಮದ್ದು ಬಿಡುವ ಮೊದಲೇ ಕೊಯ್ಯಿರಿ, ಇಲ್ಲವೇ ಮನೆಯಂಗಳದ್ದು, ಗದ್ದೆಹುಣಿಯದ್ದು ತನ್ನಿ. ಹೆದ್ದಾರಿ ಬದಿಯದ್ದು, ನಾಯಿ ಓಡಾಡುವ ಜಾಗದ್ದು ಬೇಡ. ಗಂಟು ಗಂಟಿನಲ್ಲಿ ಬೇರು ಬಿಟ್ಟು ನೆಲಕ್ಕೆ ಅಂಟಿಕೊಂಡು ಹಬ್ಬುವ, ಗಣಪತಿಗೆ ಏರಿಸುವ ಸಪೂರ ಗರಿಕೆಯೇ ಆಗಬೇಕು.

ಅಳತೆ. ಆಯುರ್ವೇದ ಶಾಸ್ತ್ರದ ತೈಲಪಾಕದಲ್ಲಿ ಕಲ್ಕ (ನುಣ್ಣಗೆ ಅರೆದ ಮುದ್ದೆ) 1 ಪಾಲು, ಎಣ್ಣೆ 4 ಪಾಲು, ರಸ 16 ಪಾಲು. ಮನೆಯ ಮಟ್ಟಕ್ಕೆ ಅದನ್ನು ಹೀಗೆ ಹಿಡಿಯಿರಿ: ತೆಂಗಿನ ಎಣ್ಣೆ 200 ಮಿ.ಲೀ., ಗರಿಕೆ ರಸ 800 ಮಿ.ಲೀ., ನುಣ್ಣಗೆ ಕಡೆದ ಗರಿಕೆ 50 ಗ್ರಾಂ. ಕೆಲವರು ಆ 50 ಗ್ರಾಮಿನಲ್ಲಿ 10 ಗ್ರಾಂ ಜ್ಯೇಷ್ಠಮಧು ಪುಡಿ ಸೇರಿಸುತ್ತಾರೆ, ತಪ್ಪಿಲ್ಲ. ಗರಿಕೆಯಲ್ಲಿ ಸ್ವಂತ ರಸ ಕಡಿಮೆ. ನೀರು ಮುಟ್ಟಿಸದೆ 800 ಮಿ.ಲೀ. ತೆಗೆಯಬೇಕಾದರೆ ಕಿಲೋಗಟ್ಟಲೆ ಹುಲ್ಲು ಬೇಕು. ಆದ್ದರಿಂದ 500 ಗ್ರಾಂ ಹುಲ್ಲನ್ನು ಮೂರ್ನಾಲ್ಕು ನೀರಿನಲ್ಲಿ ಮಣ್ಣು ಹೋಗುವ ತನಕ ತೊಳೆದು, ಬೆರಳಿನ ಒಂದು ಗಂಟಿನಷ್ಟು ಉದ್ದಕ್ಕೆ ಕತ್ತರಿಸಿ, ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು ಮಿಕ್ಸಿಯಲ್ಲಿ ತಿರುಗಿಸಿ, ಬಟ್ಟೆಯಲ್ಲಿ ಹಿಂಡಿ. ಕತ್ತರಿಸದೆ ಹಾಕಿದರೆ ನಾರು ಬ್ಲೇಡಿಗೆ ಸುತ್ತಿಕೊಂಡು ಮಿಕ್ಸಿ ನಿಲ್ಲುತ್ತದೆ. ಹಿಂಡಿದ ರಸವನ್ನು ಅವತ್ತೇ ಬಳಸಿ, ರಾತ್ರಿ ಇಟ್ಟರೆ ಹುಳಿಯಾಗುತ್ತದೆ.

ಪಾತ್ರೆ ಕಂಚಿನ ಉರುಳಿ ಅಥವಾ ದಪ್ಪ ತಳದ ಸ್ಟೀಲು. ಅಲ್ಯೂಮಿನಿಯಂ ಬೇಡ. ಎಣ್ಣೆ-ರಸ ಸೇರಿ ಒಂದು ಲೀಟರಾಗುತ್ತದೆ, ಪಾತ್ರೆ ಮೂರು ಲೀಟರು ಹಿಡಿಯುವಂಥದ್ದಿರಲಿ. ಕೊನೆಗೆ ನೊರೆ ಏಳುವಾಗ ಉಕ್ಕಿ ಒಲೆಗೆ ಬಿದ್ದರೆ ಬೆಂಕಿ ಹತ್ತುತ್ತದೆ.

ಎಣ್ಣೆ, ರಸ, ಕಲ್ಕ ಮೂರನ್ನೂ ತಣ್ಣಗಿರುವಾಗಲೇ ಸೇರಿಸಿ, ಮಧ್ಯಮ ಉರಿಯಲ್ಲಿ ಕುದಿ ಬರಿಸಿ, ಆಮೇಲೆ ಸಣ್ಣ ಉರಿಗೆ ಇಳಿಸಿ. ಎರಡು ಗಂಟೆಯ ಆಸುಪಾಸು ಬೇಕು. ತಳ ಕೆರೆಯುತ್ತಲೇ ಇರಬೇಕು, ಕಲ್ಕ ತಳಕ್ಕೆ ಕೂತರೆ ಸೀಯುತ್ತದೆ, ಸೀದ ವಾಸನೆ ಎಣ್ಣೆಯಿಂದ ಮತ್ತೆ ಹೋಗುವುದಿಲ್ಲ. ಮೊದಲ ಒಂದು ಗಂಟೆ ಬರೀ ಆವಿ. ಅದಾದ ಮೇಲೆ ಚಟಪಟ ಸದ್ದು ಸುರುವಾಗುತ್ತದೆ, ಕಲ್ಕ ಕೆಸರಿನ ಹಾಗೆ ಸೌಟಿಗೆ ಮೆತ್ತುತ್ತದೆ. ಇಲ್ಲಿ ಆಯಿತೆಂದು ಇಳಿಸಿದವರ ಎಣ್ಣೆಯೇ ಬೂಸರು ಕಟ್ಟುವುದು. ಇನ್ನೂ ಕಾಯಿಸಿ. ಸದ್ದು ತಗ್ಗುತ್ತ ಬಂದು ಮೇಲೆ ಸಣ್ಣ ನೊರೆ ಕಟ್ಟುತ್ತದೆ. ಆಗ ಸೌಟಿನ ತುದಿಯಿಂದ ಚೂರು ಕಲ್ಕ ತೆಗೆದು, ಊದಿ ಆರಿಸಿ, ಹೆಬ್ಬೆರಳು-ತೋರುಬೆರಳ ನಡುವೆ ಹೊಸೆಯಿರಿ. ಬೆರಳಿಗೆ ಅಂಟದೆ ದೀಪದ ಬತ್ತಿಯಂತೆ ಉದ್ದಕ್ಕೆ ಬಂದರೆ, ಅದನ್ನು ಚಿಮಟಿಯಲ್ಲಿ ಹಿಡಿದು ಉರಿಗೆ ತೋರಿಸಿ. ಚಟಚಟ ಎಂದರೆ ನೀರು ಇನ್ನೂ ಉಂಟು. ಸದ್ದಿಲ್ಲದೆ ಉರಿದರೆ ಆ ಕ್ಷಣವೇ ಒಲೆ ಆರಿಸಿ ಬೇರೆ ಪಾತ್ರೆಗೆ ಸೋಸಿಬಿಡಿ, ಬಿಸಿ ಪಾತ್ರೆಯಲ್ಲೇ ಬಿಟ್ಟರೆ ಪಾಕ ಮುಂದೆ ಹೋಗುತ್ತದೆ. ಕಲ್ಕ ಕಪ್ಪಾಗಿ ಪುಡಿಪುಡಿಯಾದರೆ ಖರಪಾಕ, ಅಂದರೆ ಪಾಕ ಗಡುಸಾಯಿತು. ಅದು ಹಚ್ಚಲು ಕೆಟ್ಟದ್ದಲ್ಲ, ಆದರೆ ಗರಿಕೆಯ ಗುಣ ಹೆಚ್ಚು ಉಳಿದಿರುವುದಿಲ್ಲ.

ಸೋಸುವ ಬಟ್ಟೆ ಬಿಸಿಲಿಗೆ ಒಣಗಿಸಿದ್ದಾಗಿರಲಿ. ಸೋಸಿದ್ದನ್ನು ಮುಚ್ಚಿ ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಮರುದಿನ ಮೇಲಿನ ತಿಳಿಯನ್ನು ಮಾತ್ರ ಬಾಟಲಿಗೆ ಬಗ್ಗಿಸಿ. ತಳದ ಎರಡು ಚಮಚ ಮಡ್ಡಿಯಲ್ಲಿ ನೀರಿನ ಪಸೆ ಇರುತ್ತದೆ, ಅದನ್ನು ಹಿಮ್ಮಡಿಗೆ ಹಚ್ಚಿ ಮುಗಿಸಿ. 100 ಮಿ.ಲೀ.ಯ ಗಾಜಿನ ಬಾಟಲಿಗಳು ಒಳ್ಳೆಯದು, ಒಂದನ್ನು ತೆರೆದಾಗ ಉಳಿದದ್ದಕ್ಕೆ ಗಾಳಿ ತಾಗುವುದಿಲ್ಲ. ಒದ್ದೆ ಬೆರಳು ಅದ್ದಬೇಡಿ, ಬಚ್ಚಲಲ್ಲಿ ಇಡಬೇಡಿ. ನಮ್ಮ ಕರಾವಳಿಯ ಮಳೆಗಾಲದ ಪಸೆಗೆ ಮುಚ್ಚಳದೊಳಗೆ ಹನಿ ಕಟ್ಟುವುದೇ ಬೂಸರಿಗೆ ಸಾಕು. ಕಮಟು ವಾಸನೆಯ ಕಾರಣ ಬೇರೆ: ಹಳೇ ಕೊಬ್ಬರಿಯ ಎಣ್ಣೆ, ಇಲ್ಲವೇ ಬೆಳಕು. ಗಾಣದಿಂದ ಹೊಸತಾಗಿ ತಂದ ಎಣ್ಣೆಯಲ್ಲೇ ಕಾಯಿಸಿ. ಆರು ತಿಂಗಳು ಬಾಳಿಕೆ. ಚಳಿಗೆ ಗಟ್ಟಿಯಾದರೆ ಕೆಟ್ಟಿತೆಂದಲ್ಲ, ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ.

ಹುಲ್ಲನ್ನು ನೇರ ಎಣ್ಣೆಗೆ ಹಾಕಿ ಹುರಿಯುವುದರಿಂದ ಹಸಿರು ಬಣ್ಣ ಬರುತ್ತದೆ, ಬೇರೇನೂ ಹೆಚ್ಚು ಬರುವುದಿಲ್ಲ. ಕಾದ ಎಣ್ಣೆಯಲ್ಲಿ ಹುಲ್ಲಿನ ಹೊರಗು ಸೀದು, ದಂಟಿನ ಗಂಟಿನೊಳಗೆ ನೀರು ಹಾಗೇ ಕೂತಿರುತ್ತದೆ.

ಅತ್ತೆಯವರಿಗೆ ಹಚ್ಚುವ ಕ್ರಮವೂ ಮುಖ್ಯ. ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚಿ ಸೋಪಿನಲ್ಲಿ ತಿಕ್ಕಿ ತೊಳೆದರೆ ಹಚ್ಚಿದ್ದು ವ್ಯರ್ಥ. ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು, ಬೈರಾಸಿನಿಂದ ಒತ್ತಿ ಒರೆಸಿ, ಚರ್ಮದಲ್ಲಿ ಇನ್ನೂ ಪಸೆ ಇರುವಾಗಲೇ ಹಚ್ಚಬೇಕು. ಎರಡೂ ಕಾಲಿಗೆ ಸೇರಿ ಒಂದು ಚಹಾ ಚಮಚ ಸಾಕು. ಕಾಲಿಗೆ ಸೋಪು ಬೇಡವೇ ಬೇಡ. ಹಂಡೆಯ ಸುಡುನೀರು ತುರಿಕೆಗೆ ಆ ಹೊತ್ತಿಗೆ ಹಿತ, ಆದರೆ ಚರ್ಮದ ಜಿಡ್ಡನ್ನೆಲ್ಲ ತೆಗೆದು ರಾತ್ರಿಗೆ ದುಪ್ಪಟ್ಟು ಕೆರೆಸುತ್ತದೆ. ಕುಚಲಕ್ಕಿ ಗಂಜಿಯ ತಿಳಿ, ಉಪ್ಪು ಹಾಕದ್ದು, ಎರಡು ಲೋಟ ಒಂದು ಬಾಲ್ದಿ ನೀರಿಗೆ ಬೆರೆಸಿ ಕೊನೆಗೆ ಹೊಯ್ದುಕೊಂಡರೆ ಒಣಚರ್ಮಕ್ಕೆ ತುಂಬ ಹಿತ. ಗಂಜಿಯ ಪಿಷ್ಟ ಚರ್ಮದ ಮೇಲೆ ತೆಳ್ಳಗೆ ಕೂರುತ್ತದೆ.

ಸಕ್ಕರೆ ಕಾಯಿಲೆಯವರಾದ್ದರಿಂದ ಎರಡು ಎಚ್ಚರ. ಕಾಲ್ಬೆರಳ ಸಂದಿಗೆ ಎಣ್ಣೆ ತಾಗಿಸಬೇಡಿ, ಅಲ್ಲಿ ನೆಂದು ಬೆಳ್ಳಗಾಗಿ ಬಿರುಕು ಬಿಡುತ್ತದೆ. ಎಣ್ಣೆ ಕಾಲಲ್ಲಿ ಟೈಲ್ಸಿನ ಮೇಲೆ ನಡೆಯಲು ಬಿಡಬೇಡಿ, ಹತ್ತು ನಿಮಿಷ ಕೂತಿರಲಿ.

ಕೊಡಿಯಾಲಬೈಲು ಬರೆದದ್ದು:

ಯಜಮಾನರದ್ದು ಹುಳುಕಡ್ಡಿಯೇ. ಅಂಚು ಎದ್ದು, ನಡು ತಿಳಿಯಾಗಿ, ಉಂಗುರದ ಹಾಗೆ ಹೊರಕ್ಕೆ ಹರಡುವುದು ಶಿಲೀಂಧ್ರದ ಗುರುತು. ಅದಕ್ಕೆ ಬೇಕಾದ್ದು ಬೆಚ್ಚಗಿನ ಪಸೆ. ಬೆಲ್ಟಿನ ಅಡಿಗೆ ಎಣ್ಣೆ ಹಚ್ಚಿದರೆ ಬೆವರು ಆರುವುದಿಲ್ಲ, ಅದಕ್ಕೆ ಮನೆ ಕಟ್ಟಿ ಕೊಟ್ಟ ಹಾಗೆ.

ನಾಟಿಯಲ್ಲಿ ಇದಕ್ಕೆ ಇರುವುದು ಚಗಟೆ ಬೀಜ, ತುಳುವಿನಲ್ಲಿ ತಜಂಕ್. ಆಟಿ (ಆಷಾಢ) ತಿಂಗಳಲ್ಲಿ ಸೊಪ್ಪು ತಿಂತೇವಲ್ಲ, ಅದೇ ಗಿಡ. ಸಂಸ್ಕೃತದಲ್ಲಿ ಚಕ್ರಮರ್ದ, ಗ್ರಂಧಿಗೆ ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಬೀಜ ಕೊಡ್ತಾರೆ. ಅದರಲ್ಲಿ ಕ್ರೈಸೊಫನಾಲ್ ಎನ್ನುವ ಅಂಶ ಉಂಟು, ಶಿಲೀಂಧ್ರದ ಮೇಲೆ ಕೆಲಸ ಮಾಡುವಂಥದ್ದು. ಎರಡು ಚಮಚ ಬೀಜ ರಾತ್ರಿ ಹುಳಿಮಜ್ಜಿಗೆಯಲ್ಲಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ಕಡೆದು, ಕಲೆಯ ಮೇಲೆ ತೆಳ್ಳಗೆ ಹಚ್ಚಿ 20 ನಿಮಿಷಕ್ಕೆ ತೊಳೆದು ಒಣಗಿಸುವುದು. ಕೈ, ಬೆನ್ನು, ಸೊಂಟಕ್ಕೆ ಸರಿ. ತೊಡೆಸಂದಿಗೆ ಬೇಡ, ಅಲ್ಲಿ ಚರ್ಮ ತೆಳು, ಉರಿ ಬಂದು ಸುಲಿಯುತ್ತದೆ. ತರಿತರಿಯಾಗಿ ಕಡೆದದ್ದನ್ನು ತಿಕ್ಕುವವರಿದ್ದಾರೆ, ಚರ್ಮ ಗೀರಿ ಕೀವಾಗುವುದು ಅದರಿಂದ.

ಆದರೆ ಎರಡು ಕಡೆ ಎದ್ದಿದೆ ಅಂದ ಮೇಲೆ ನನ್ನ ಸಲಹೆ ನೇರ ಮೆಡಿಕಲ್‌ನ ಕ್ಲೋಟ್ರಿಮಜೋಲ್ 1% ಕ್ರೀಮ್. ದಿನಕ್ಕೆ ಎರಡು ಸಲ, ಕಲೆಯ ಅಂಚಿನಿಂದ ಹೊರಗೆ ಎರಡು ಬೆರಳಗಲ ಸೇರಿಸಿ ಹಚ್ಚಬೇಕು, ಯಾಕೆಂದರೆ ಶಿಲೀಂಧ್ರ ಕಣ್ಣಿಗೆ ಕಾಣುವ ಗೆರೆಗಿಂತ ಮುಂದೆ ಹೋಗಿರ್ತದೆ. ಕಲೆ ಮಾಯವಾದ ಮೇಲೂ ಎರಡು ವಾರ ಬಿಡಬಾರದು. ತುರಿಕೆ ನಿಂತ ಕೂಡಲೇ ಟ್ಯೂಬ್ ಬದಿಗಿಡುವುದರಿಂದಲೇ ಮತ್ತೆ ಮತ್ತೆ ಬರುವುದು. ನಾಲ್ಕು ವಾರಕ್ಕೆ ತಗ್ಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಈಗ ಸುಲಭಕ್ಕೆ ಬಗ್ಗದ ಹುಳುಕಡ್ಡಿ ದೇಶದಲ್ಲೆಲ್ಲ ಹಬ್ಬಿದೆ, ಮಾತ್ರೆ ಬೇಕಾಗಬಹುದು.

ದಯವಿಟ್ಟು ಒಂದು ಮಾತು ಕೇಳಿ. ಅಂಗಡಿಯಲ್ಲಿ "ತುರಿಕೆಗೆ ಒಳ್ಳೆ ಕ್ರೀಮ್ ಕೊಡಿ" ಅಂದರೆ ಸಿಗುವ ಮಿಶ್ರಣದ ಟ್ಯೂಬ್ ತರಬೇಡಿ. ಹಿಂದೆ ಬರೆದದ್ದು ಓದಿ. ಕ್ಲೊಬೆಟಾಸಾಲ್, ಬೀಟಾಮೆಥಸೋನ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಮೂರು ದಿನಕ್ಕೆ ತುರಿಕೆ ನಿಲ್ತದೆ, ಕೆಂಪು ಹೋಗ್ತದೆ, ಶಿಲೀಂಧ್ರ ಮಾತ್ರ ಅಡಿಯಲ್ಲಿ ಹರಡುತ್ತ ಇರ್ತದೆ. ಆಮೇಲೆ ಉಂಗುರದ ಆಕಾರವೇ ಕೆಟ್ಟು, ಯಾವ ರೋಗ ಅಂತ ಡಾಕ್ಟರಿಗೂ ಗುರುತು ಸಿಕ್ಕದ ಹಾಗೆ ಆಗ್ತದೆ. ತೊಡೆಸಂದಿಯ ಚರ್ಮ ತೆಳುವಾಗಿ ಗೆರೆ ಗೆರೆ ಬಿದ್ದರೆ ಆ ಗೆರೆ ಹೋಗುವುದಿಲ್ಲ. 2018ರಲ್ಲಿ ಇಂಥ ಹಲವು ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದ್ದು ಇದೇ ಕಾರಣಕ್ಕೆ. ಚೀಟಿ ಇಲ್ಲದೆ ಮಾರುವಂತಿಲ್ಲ.

ಮದ್ದಿನಷ್ಟೇ ಕೆಲಸ ಬಟ್ಟೆಯದ್ದು. ಜೂನ್, ಜುಲೈಯಲ್ಲಿ ಒಳಉಡುಪು ಪೂರಾ ಒಣಗುವುದೇ ಇಲ್ಲ. ಕೈಗೆ ಒಣಗಿದ ಹಾಗೆ ಕಂಡರೂ ಇಲಾಸ್ಟಿಕ್ ಪಟ್ಟಿ, ಹೊಲಿಗೆ ಪಸೆಯಾಗೇ ಇರ್ತದೆ. ಹಾಕುವ ಮೊದಲು ಪಟ್ಟಿಗೂ ಹೊಲಿಗೆಗೂ ಬಿಸಿ ಇಸ್ತ್ರಿ ಒತ್ತಿ. ಅವರ ಬೈರಾಸು ಬೇರೆ ಇರಲಿ. ಜೀನ್ಸ್ ಮಳೆಗಾಲ ಮುಗಿಯುವ ತನಕ ಬದಿಗಿಡುವುದು ಒಳ್ಳೆಯದು. ಮಿಂದ ಮೇಲೆ ಸಂದಿ ಒರೆಸಿ, ಫ್ಯಾನಿನ ಕೆಳಗೆ ಎರಡು ನಿಮಿಷ ಆರಿಸಿ ಬಟ್ಟೆ ಹಾಕಲಿ.

ಹಿತ್ತಿಲುಮನೆ ಬರೆದದ್ದು:

ಮಗುವಿನದ್ದು ಬೆವರುಸಾಲೆ. ಬೆವರಿನ ನಾಳದ ಬಾಯಿ ಕಟ್ಟಿ, ಬೆವರು ಚರ್ಮದೊಳಗೇ ಸೋರಿ ಚುಚ್ಚುವುದು. ಹಾಗಾಗಿ ಎಣ್ಣೆಯೂ ಬೇಡ, ಡಬ್ಬಿಗಟ್ಟಲೆ ಸುರಿಯುವ ಪೌಡರೂ ಬೇಡ. ಪೌಡರು ಬೆವರಿಗೆ ಬೆರೆತು ಹಿಟ್ಟಾಗಿ ಅದೇ ಬಾಯಿಯನ್ನು ಮುಚ್ತದೆ.

ಬೇವಿನ ನೀರು ಮಾಡುವುದಾದರೆ ಎರಡು ಹಿಡಿ ಹಸಿ ಎಲೆ, ಅಂದಾಜು 50 ಗ್ರಾಂ, ಎರಡು ಲೀಟರು ನೀರಿನಲ್ಲಿ ಹದಿನೈದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಸೋಸಿ. ಮಾಮೂಲಿ ಸ್ನಾನ ಆದ ಮೇಲೆ ಕೊನೆಗೆ ಬೆನ್ನಿಗೆ, ಕುತ್ತಿಗೆಗೆ ಹೊಯ್ಯಿರಿ. ಕಣ್ಣಿಗೆ, ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. ದಿನಕ್ಕೆ ಒಂದು ಸಲ, ಮೂರ್ನಾಲ್ಕು ದಿನ ಸಾಕು. ದಿನಾ ಮುಂದುವರಿಸಿದರೆ ಚರ್ಮ ಒಣಗಿ ಬೇರೆ ತುರಿಕೆ ಸುರುವಾಗ್ತದೆ. ಇದಕ್ಕಿಂತ ನನಗೆ ಇಷ್ಟ ಲಾವಂಚ. ಒಂದು ಹಿಡಿ ಬೇರನ್ನು ರಾತ್ರಿ ತಣ್ಣೀರಿನ ಬಾಲ್ದಿಯಲ್ಲಿ ಹಾಕಿಟ್ಟು, ಮರುದಿನ ಮಧ್ಯಾಹ್ನ ಆ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಬೆನ್ನಿಗೆ ಹತ್ತು ನಿಮಿಷ ಒತ್ತಿಡಿ. ಬೇರನ್ನು ಬಿಸಿಲಿಗೆ ಒಣಗಿಸಿ ಇನ್ನೊಂದೆರಡು ಸಲ ಬಳಸಬಹುದು, ಮಳೆ ದಿನ ಒಣಗದಿದ್ದರೆ ಬಿಸಾಡಿ. ಕ್ಯಾಲಮೈನ್ ಲೋಷನ್ ಕೂಡ ಒಳ್ಳೆಯದೇ, ನಾಟಿ ಅಲ್ಲ ಅಂತ ಬಿಡಬೇಕಾಗಿಲ್ಲ. ಇದೆಲ್ಲಕ್ಕಿಂತ ಮೊದಲು ಮಗುವನ್ನು ಫ್ಯಾನಿನಡಿ ತೆಳು ಹತ್ತಿ ಬನಿಯನ್‌ನಲ್ಲಿ ಇಡಿ. ಗುಳ್ಳೆಯ ತುದಿ ಹಳದಿಯಾದರೆ, ಜ್ವರ ಬಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಕರ್ಪೂರದ ಬಗ್ಗೆ ಕೇಳಿದ್ದೀರಿ. ಚಿಕ್ಕ ಮಗು ಇರುವ ಮನೆಯ ಎಣ್ಣೆಗೆ ಹಾಕಲೇ ಬೇಡಿ. ಕರ್ಪೂರ ಚರ್ಮದ ಮೂಲಕವೂ ಒಳಗೆ ಹೋಗ್ತದೆ, ಗಾಯ, ಗುಳ್ಳೆ ಇದ್ದರೆ ಇನ್ನೂ ಬೇಗ. ಸ್ವಲ್ಪ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರ್ತದೆ. ದೊಡ್ಡವರಿಗೆ ಮಾತ್ರ ಬಳಸುವ ಬೇರೆ ಬಾಟಲಿ ಆದರೆ 100 ಮಿ.ಲೀ.ಗೆ 1 ಗ್ರಾಂ ಪಚ್ಚಕರ್ಪೂರ, ಅದೂ ಒಲೆಯಿಂದ ಇಳಿಸಿ ಉಗುರುಬೆಚ್ಚಗಾದ ಮೇಲೆ. ಕಾದ ಎಣ್ಣೆಗೆ ಹಾಕಿದರೆ ಆವಿಗೆ ಬೆಂಕಿ ಹತ್ತಬಹುದು. ಬಾಟಲಿಯ ಮೇಲೆ ಬರೆದಿಡಿ. ಬೇವಿನ ಎಣ್ಣೆಯನ್ನು ಸಹ "ಹೊಟ್ಟೆಹುಳಕ್ಕೆ ನಾಲ್ಕು ಹನಿ" ಅಂತ ಮಕ್ಕಳಿಗೆ ಕುಡಿಸುವವರಿದ್ದಾರೆ. ಅದು ಮಿದುಳಿಗೆ, ಲಿವರಿಗೆ ವಿಷ ಆಗಿ ಜೀವಕ್ಕೇ ಕುತ್ತು ತರುವಂಥದ್ದು. ಹೊರಗೆ ಹಚ್ಚಲು ಮಾತ್ರ.

ಲೋಳೆಸರ ಹಚ್ಚುವವರಿಗೂ ಒಂದು ಮಾತು: ಎಲೆ ಕೊಯ್ದ ಕೂಡಲೇ ಸುಲಿಯಬೇಡಿ. ಬುಡ ಕೆಳಗೆ ಮಾಡಿ ಲೋಟದಲ್ಲಿ ಕಾಲು ಗಂಟೆ ನಿಲ್ಲಿಸಿ. ಹಳದಿ ರಸ ಪೂರಾ ಇಳಿಯಲಿ, ತುರಿಕೆ ಎಬ್ಬಿಸುವುದು ಅದೇ. ಆಮೇಲೆ ತೊಳೆದು ಒಳಗಿನ ಗಾಜಿನಂಥ ತಿರುಳು ಮಾತ್ರ ತೆಗೆಯಿರಿ.

ಬಡಗುಪೇಟೆ:

ತುಂಬ ಉಪಕಾರ ಆಯ್ತು ಎಲ್ಲರಿಗೂ. ಎಣ್ಣೆ ಅತ್ತೆಗೆ ಮಾತ್ರ, ಕರ್ಪೂರ ಬಿಟ್ಟೆ. ಇನ್ನೊಂದು ಉಂಟು. ಅತ್ತೆಗೆ ಕೆಲವು ಸಲ ಮೀನು ತಿಂದ ಮೇಲೆ ಮೈಯೆಲ್ಲ ಪಿತ್ತದ ಗಂಧೆ ಏಳ್ತದೆ. ಪುನರ್ಪುಳಿ (ಕೋಕಮ್) ನೀರು ಹಚ್ಚುವುದು ಇಲ್ಲಿನ ವಾಡಿಕೆ. ಅಂಗಡಿಯ ಒಣ ಸಿಪ್ಪೆ ಆಗ್ತದಾ? ಸಕ್ಕರೆ ಕಾಯಿಲೆಯವರು ಕುಡಿಯಬಹುದಾ?

ತಿಮರೆ:

ಮೊದಲು ಅದು ಗಂಧೆಯೇ ಹೌದೋ ನೋಡಿ. ಎದ್ದ ಒಂದು ದಡ್ಡಿನ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು ಹೊತ್ತು ಬರೆದಿಡಿ. 24 ಗಂಟೆಯೊಳಗೆ ಆ ಜಾಗದ್ದು ಕಲೆಯಿಲ್ಲದೆ ಇಳಿದು ಬೇರೆಡೆ ಎದ್ದರೆ ಗಂಧೆ. ಅಲ್ಲೇ ನಿಂತು ನೋವು, ಕಪ್ಪು ಕಲೆ ಬಿಟ್ಟರೆ ಅದು ಬೇರೆ, ವೈದ್ಯರಿಗೆ ತೋರಿಸಬೇಕು.

ಅಂಗಡಿಯ ಸಿಪ್ಪೆಗೆ ಹೆಚ್ಚಾಗಿ ಉಪ್ಪು ಹಾಕಿರುತ್ತಾರೆ, ಕೆರೆದ ಚರ್ಮಕ್ಕೆ ತಾಗಿದರೆ ಉರಿ ತಡೆಯಲಾಗುವುದಿಲ್ಲ. ಉಪ್ಪಿಲ್ಲದ್ದು ಕೇಳಿ ತನ್ನಿ. ಹತ್ತು ಹನ್ನೆರಡು ಸಿಪ್ಪೆಯನ್ನು ಎರಡು ಲೋಟ ನೀರಿನಲ್ಲಿ ಒಂದು ಗಂಟೆ ನೆನೆಸಿ ಕಿವುಚಿ ಸೋಸಿ. ಹಚ್ಚಲು ಅದರಲ್ಲಿ ಅರ್ಧ ಲೋಟ ತೆಗೆದು ಮತ್ತೆ ಅಷ್ಟೇ ತಣ್ಣೀರು ಬೆರೆಸಿ, ಬಟ್ಟೆ ಅದ್ದಿ ಒತ್ತಿ. ಹಿತ ಎನಿಸುವುದು ಬಹುಪಾಲು ತಂಪಿನಿಂದ. ಹಳೇ ಸೀರೆ ಉಡಲಿ, ಕಲೆ ಹೋಗುವುದಿಲ್ಲ. ಉಳಿದದ್ದಕ್ಕೆ ಜೀರಿಗೆ ಪುಡಿ ಹಾಕಿ ಬೆಲ್ಲವಿಲ್ಲದೆ ಕುಡಿಯಬಹುದು. ಹೊಟ್ಟೆಯಲ್ಲಿ ಹುಳಿ ಏಳುವವರಿಗೆ ಬೇಡ.

ಕೊಡಿಯಾಲಬೈಲು:

ಮೀನಿನದ್ದು ಅಂತ ಹೇಳಿದ್ದರಿಂದ ಸೇರಿಸ್ತೇನೆ. ಪ್ರತಿ ಸಲ ಅಲ್ಲ, "ಕೆಲವು ಸಲ" ಅಂದಿರಿ. ಯಾವ ಮೀನು ಅಂತ ಬರೆದಿಡಿ. ಸಿಗಡಿ ತಿಂದಾಗಲೆಲ್ಲ ಬಂದರೆ ಅದು ಅಲರ್ಜಿ, ಸಿಗಡಿ ಪೂರ್ತಿ ಬಿಡಬೇಕು. ಬಂಗುಡೆ, ಬೂತಾಯಿ, ಕೇದಾರ್ ತಿಂದು ಅರ್ಧ ಗಂಟೆ, ಒಂದು ಗಂಟೆಯೊಳಗೆ ಮುಖ ಕೆಂಪಾಗಿ, ತಲೆನೋವು, ಗಂಧೆ ಬಂದು ಅದೇ ಊಟ ಉಂಡ ಇನ್ನೊಬ್ಬರಿಗೂ ಆದರೆ ಅದು ಮೀನಿನ ಐಸ್ ಸಾಲದೆ ಆದದ್ದು. ಈ ಜಾತಿಯ ಮೀನು ಬಿಸಿಗೆ ಬಿದ್ದರೆ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಆಗ್ತದೆ, ಗಂಧೆ ಎಬ್ಬಿಸುವ ವಸ್ತು ಅದೇ. ಎಷ್ಟು ಕುದಿಸಿದರೂ, ಹುಳಿ ಹಾಕಿದರೂ ಹೋಗುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ಬೋಟು ಕಡಲಿಗಿಳಿಯುವುದಿಲ್ಲ, ಪೇಟೆಗೆ ಬರುವುದು ಹೆಚ್ಚಾಗಿ ದೂರದಿಂದ ಐಸಿನಲ್ಲಿ ಬಂದದ್ದು. ಆಗ ಬಂಗುಡೆ ತರುವಾಗ ಕಿವಿರು ಎತ್ತಿ ನೋಡಿ, ಕಂದು ಬಣ್ಣ ಇದ್ದರೆ, ಹೊಟ್ಟೆ ಮೆತ್ತಗಾಗಿದ್ದರೆ ಬಿಡಿ.

ಗಂಧೆಗೆ ಸೆಟ್ರಿಜಿನ್ 10 ಮಿ.ಗ್ರಾಂ. ಮಾತ್ರೆ ದೊಡ್ಡವರಿಗೆ ದಿನಕ್ಕೆ ಒಂದು. ತೂಕಡಿಕೆ ಬರ್ತದೆ, ರಾತ್ರಿ ಎದ್ದು ಬೀಳದ ಹಾಗೆ ನೋಡಿಕೊಳ್ಳಿ. ಸಕ್ಕರೆಯಿಂದ ಕಿಡ್ನಿಗೆ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡ. ತುಟಿ, ನಾಲಿಗೆ ಬೀಗಿದರೆ, ಸ್ವರ ಗೊಗ್ಗರಾದರೆ, ಉಸಿರು ಕಟ್ಟಿದರೆ ಪುನರ್ಪುಳಿ ಹುಡುಕುತ್ತ ಕೂರಬೇಡಿ, 108 ಕರೆಯಿರಿ.

ಕಟಪಾಡಿ ಬರೆದದ್ದು:

ಎಲ್ಲರೂ ಚೆನ್ನಾಗಿ ಬರೆದಿದ್ದಾರೆ. ಬಿಟ್ಟುಹೋದದ್ದು ಕಜ್ಜಿ. ಮುಂದೆ ಯಾವಾಗಲಾದರೂ ಮನೆಯಲ್ಲಿ ಎಲ್ಲರಿಗೂ ರಾತ್ರಿ ಹೊತ್ತು ತುರಿಕೆ ಸುರುವಾದರೆ ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ನೋಡಿ. ಅಲ್ಲೆಲ್ಲ ಗುಳ್ಳೆ ಇದ್ದರೆ ಅದು ಕಣ್ಣಿಗೆ ಕಾಣದ ಹುಳ ಚರ್ಮದೊಳಗೆ ಬಿಲ ಕೊರೆದದ್ದು. ಅರಿಶಿನ-ಬೇವು ಅರೆದು ಹಚ್ಚಿದರೆ ತುರಿಕೆ ತಗ್ಗಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ, ಅಷ್ಟರಲ್ಲಿ ನೆರೆಮನೆಗೂ ದಾಟಿರ್ತದೆ. ಪರ್ಮೆಥ್ರಿನ್ 5% ಕ್ರೀಮನ್ನು ಕುತ್ತಿಗೆಯಿಂದ ಪಾದದ ತನಕ, ಉಗುರಿನ ಅಡಿಗೂ ಬಿಡದೆ ರಾತ್ರಿ ಹಚ್ಚಿ 8ರಿಂದ 12 ಗಂಟೆ ಬಿಟ್ಟು ಮೀಯುವುದು, ಏಳು ದಿನ ಕಳೆದು ಇನ್ನೊಮ್ಮೆ. ಮುಖ್ಯ ಎಂತ ಅಂದರೆ ತುರಿಕೆ ಇಲ್ಲದವರೂ ಸೇರಿ ಮನೆಯ ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು. ಹಾಸಿಗೆ ಬಟ್ಟೆ, ಉಟ್ಟ ಬಟ್ಟೆ ಬಿಸಿನೀರಿಗೆ ಹಾಕಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳೀತದೆ, ಗಾಬರಿಯಾಗಿ ಮತ್ತೆ ಮತ್ತೆ ಕ್ರೀಮ್ ಹಚ್ಚಿದರೆ ಚರ್ಮ ಉರಿಯುತ್ತದೆ. ಆ ಹೊತ್ತಿಗೆ ಗರಿಕೆ ಎಣ್ಣೆ ಹಚ್ಚಿ, ಒಳ್ಳೆಯದಾಗ್ತದೆ.

ಮತ್ತೆ ತುರಿಕೆಗೆ ಲಿಂಬೆರಸ ತಿಕ್ಕಿ ಬಿಸಿಲಿಗೆ ಹೋಗಬೇಡಿ, ಬೊಬ್ಬೆ ಎದ್ದು ಕಪ್ಪು ಕಲೆ ತಿಂಗಳುಗಟ್ಟಲೆ ಉಳೀತದೆ. ಹಸಿ ಬೆಳ್ಳುಳ್ಳಿ ಅರೆದು ಕಟ್ಟುವುದು, ಚಿತ್ರಮೂಲದ ಬೇರು ತೇದು ಹಚ್ಚುವುದು, ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿಸುವುದು ಮೂರೂ ಚರ್ಮ ಸುಡುವಂಥವು. ಮೈಯ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ನೀರುಗುಳ್ಳೆ ಎದ್ದು ಉರಿ ನೋವು ಬಂದರೆ ಅದು ಸರ್ಪಸುತ್ತು. ಕೆಮ್ಮಣ್ಣು ಬಳಿಸಿಕೊಂಡು ಕಾಯಬೇಡಿ, 72 ಗಂಟೆಯೊಳಗೆ ಮಾತ್ರೆ ಸುರುಮಾಡಿದರೆ ಮುಂದಿನ ನೋವು ಎಷ್ಟೋ ಕಡಿಮೆ. ವಯಸ್ಸಾದವರಿಗೆ, ಸಕ್ಕರೆ ಇದ್ದವರಿಗೆ ಇದು ಮುಖ್ಯ.

ಬಡಗುಪೇಟೆ:

ಕೊನೇ ಪ್ರಶ್ನೆ ತಿಮರೆಯವರಿಗೆ. ಎಣ್ಣೆ ಸಾಕಷ್ಟು ಆದರೆ ಸ್ವಲ್ಪವನ್ನು ಮುಲಾಮಿನ ಹಾಗೆ ಗಟ್ಟಿ ಮಾಡಿಡಬಹುದಾ? ಹಿಮ್ಮಡಿಗೆ ಎಣ್ಣೆ ನಿಲ್ಲುವುದಿಲ್ಲ.

ತಿಮರೆ:

ಮಾಡಬಹುದು. 60 ಮಿ.ಲೀ. ಗರಿಕೆ ಎಣ್ಣೆಗೆ 10 ಗ್ರಾಂ ಜೇನುಮೇಣ. ಸೆಕೆಗಾಲಕ್ಕೆ ಮೇಣ 12 ಗ್ರಾಂ ಹಿಡಿಯಿರಿ, ಇಲ್ಲವಾದರೆ ಡಬ್ಬಿಯಲ್ಲಿ ನೀರಾಗುತ್ತದೆ. ಮೇಣವನ್ನು ತುರಿದು ಎಣ್ಣೆಗೆ ಹಾಕಿ, ಆ ಪಾತ್ರೆಯನ್ನು ಕುದಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ನೇರ ಉರಿಗೆ ಇಡಬೇಡಿ. ನೀರಿನ ಹನಿ ಒಳಗೆ ಹಾರದ ಹಾಗೆ ನೋಡಿ. ಕರಗಿದ ಕೂಡಲೇ ಒಣ ಡಬ್ಬಿಗೆ ಹೊಯ್ದು, ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಹಾಕಬೇಡಿ. ಗದ್ದೆಬದಿಯ ಜೇನಿನ ಮೇಣ ಆದರೆ ಕರಗಿಸಿ ಸೋಸಿಯೇ ಬಳಸಿ, ಮರಿಹುಳದ ಪೊರೆ ಉಳಿದರೆ ವಾಸನೆ ಬರುತ್ತದೆ.

ಎಣ್ಣೆಯಾಗಲಿ, ಮುಲಾಮಾಗಲಿ ಅತ್ತೆಯವರ ಕಾಲಿಗೆ ಹಚ್ಚುವ ಮೊದಲು ಮೊಣಕೈಯ ಒಳಬದಿಗೆ ನಾಣ್ಯದಗಲ ಹಚ್ಚಿ, ಬೆಳಿಗ್ಗೆ ಸಂಜೆ, ಎರಡು ದಿನ ನೋಡಿ. ಕೆಂಪಾಗದಿದ್ದರೆ ಮೂರನೇ ದಿನದಿಂದ ಹಚ್ಚಬಹುದು. ಎರಡು ವಾರ ಹಚ್ಚಿಯೂ ರಾತ್ರಿ ಕೆರೆತ ಹಾಗೇ ಇದ್ದರೆ ಎಣ್ಣೆ ಬದಲಿಸುವುದು ಬೇಡ. ಸಕ್ಕರೆಯ ಜೊತೆಗೆ ಕ್ರಿಯಾಟಿನಿನ್ (ಕಿಡ್ನಿಯದ್ದು), ಲಿವರ್, ಥೈರಾಯ್ಡ್ ಪರೀಕ್ಷೆ ಮಾಡಿಸಿ.